ಸೋತ ಎಲೆಯೂ ಸತ್ಯಾಣುವ್ರತವೂ

ನಮ್ಮ ಆಚಾರ್ಯರು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲು ಹೇಳುತ್ತಾರೆ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನಗಳು ಅನಂತರ ಬರುತ್ತವೆ. ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ರಚಿಸಿದ ಅಮೃತಚಂದ್ರಸೂರಿಗಳು ದ್ಯೂತವನ್ನು ಅನರ್ಥದಂಡದ ಪ್ರಕರಣದಲ್ಲಿ ತಂದು, ಅದು ಮಾಯೆ ವಾಸಿಸುವ ಮನೆ, ಕಳವಿಗೂ ಅಸತ್ಯಕ್ಕೂ ಆಶ್ರಯ ಎಂಬ ಅರ್ಥದಲ್ಲಿ ಖಂಡಿಸಿದ್ದಾರೆ. ಇಷ್ಟಾದ ಮೇಲೆ ಶ್ರಾವಕನಿಗೆ ಹೇಳಬೇಕಾದದ್ದು ಏನು ಉಳಿಯಿತು? ಜೂಜು ತ್ಯಾಜ್ಯ, ತ್ಯಾಜ್ಯವಾದುದರೊಳಗೆ ಯಾವ ನಡೆ ಸಭ್ಯ, ಯಾವುದು ಅಸಭ್ಯ ಎಂದು ವಿಚಾರಿಸುವುದು ವ್ಯರ್ಥವಲ್ಲವೇ ಎಂದು ವಾಚಕರು ಕೇಳಬಹುದು.

ಪ್ರಶ್ನೆ ನ್ಯಾಯವಾದದ್ದೇ. ಆದರೂ ಇಸ್ಪೀಟಿನ ಮೇಜಿನ ಸುತ್ತ ಬೆಳೆದುಬಂದಿರುವ ಒಂದು ಚಿಕ್ಕ ನಿಯಮ, ಎಂದರೆ ಸೋತವನು ತನ್ನ ಎಲೆಗಳನ್ನು ಇತರರಿಗೆ ತೋರಬೇಕೇ ಬೇಡವೇ ಎಂಬುದು, ಸತ್ಯವ್ರತದ ಬಗ್ಗೆ ನಮ್ಮ ಶಾಸ್ತ್ರಕಾರರು ಮಾಡಿರುವ ಬಹು ಸೂಕ್ಷ್ಮವಾದ ವಿಚಾರದ ಬಾಗಿಲಿಗೇ ನಮ್ಮನ್ನು ಕರೆದೊಯ್ಯುತ್ತದೆ. ಅಲ್ಲದೆ ಆ ಮೇಜು ನಮ್ಮ ಮನೆಗಳಿಂದ ಬಹಳ ದೂರದಲ್ಲಿಯೂ ಇಲ್ಲ.

ದಾವಣಗೆರೆ ಹತ್ತಿಯ ಊರು, ಮಂಡಿಯ ಊರು. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ದಿನವಿಡೀ ಧಾರಣೆಯ ಏರಿಳಿತವನ್ನು ನೋಡುವ ಕಣ್ಣಿಗೆ ಲಾಭನಷ್ಟಗಳು ಹೊಸತಲ್ಲ. ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರ ತುಂಗಭದ್ರೆಯ ದಡದ ಕ್ಷೇತ್ರವೂ ಹೌದು, ಕಾರ್ಖಾನೆಗಳ ಪಟ್ಟಣವೂ ಹೌದು. ಯುಗಾದಿ ಬಂತೆಂದರೆ ಈ ಎರಡು ಊರುಗಳಲ್ಲಷ್ಟೇ ಅಲ್ಲ, ನಾಡಿನ ಬಹು ಭಾಗದಲ್ಲಿ ಹಬ್ಬದ ಆಟವೆಂಬ ಹೆಸರಿನಲ್ಲಿ ಎಲೆ ಹಂಚುವುದು ವಾಡಿಕೆಯಾಗಿದೆ; ತೋಟದ ಮನೆಯ ಮೇಲೋ ಅಂದರ್ ಬಾಹರ್ ಅಡ್ಡೆಯ ಮೇಲೋ ದಾಳಿಯಾದ ಸುದ್ದಿ ಪತ್ರಿಕೆಗಳಲ್ಲಿ ಬರುವುದೂ ವಾಡಿಕೆಯೇ. ವ್ಯಾಪಾರಿ ಮನೆತನಗಳಲ್ಲಿ ದೀಪಾವಳಿಯ ರಾತ್ರಿ ಶಕುನಕ್ಕೆಂದು ನಾಲ್ಕು ಕೈ ಆಡುವವರಿದ್ದಾರೆ. ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಪುಣ್ಯಕಾಲವೂ ಅದೇ ಅಮಾವಾಸ್ಯೆ. ಬೆಳಗಿನ ಜಾವ ನಿರ್ವಾಣಪೂಜೆಗೆ ಬಸದಿಗೆ ಬರಬೇಕಾದ ಕಣ್ಣುಗಳು ಎಲೆ ಎಣಿಸಿ ಕೆಂಪಾಗಿರುವುದು ಎಲ್ಲ ಮನೆಯ ಮಾತಲ್ಲ. ಯಾವ ಮನೆಯ ಮಾತೂ ಅಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಇನ್ನು ಕೈಯಲ್ಲಿ ಹಣ ಓಡಾಡುವ ಕೆಲವು ತರುಣರು ಹುಬ್ಬಳ್ಳಿ ದಾಟಿ ಪಣಜಿಗೆ ಹೋಗುತ್ತಾರೆ. ಅಲ್ಲಿ ಮಾಂಡವಿ ನದಿಯ ಹಡಗುಗಳಲ್ಲಿ ಕ್ಯಾಸಿನೊಗಳಿವೆ. ಪೋಕರ್ ಎಂಬ ಆಟ ರಾತ್ರಿಯೆಲ್ಲಾ ನಡೆಯುತ್ತದೆ. ಗೋವಾ ಸರ್ಕಾರವು 2020ರಲ್ಲಿ ತನ್ನ ನಾಡಿನವರು ಆ ಜೂಜಿನ ಮೇಜುಗಳ ಬಳಿ ಬರಕೂಡದೆಂದು ನಿರ್ಬಂಧಿಸಿತು. ಅತಿಥಿಗಳಿಗೆ ಆ ನಿರ್ಬಂಧವಿಲ್ಲ. ತನ್ನ ಮಕ್ಕಳಿಗೆ ಬಡಿಸಲೊಲ್ಲದ ಅಡುಗೆಯನ್ನು ನೆಂಟರಿಗೆ ಬಡಿಸುವ ಈ ಆತಿಥ್ಯದ ಬಗ್ಗೆ ನಮ್ಮ ತರುಣರು ಒಂದು ಕ್ಷಣವಾದರೂ ಯೋಚಿಸಬಹುದಿತ್ತು.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗೋಣ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯು ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಾಟದಂತೆ ಕೇವಲ ಅದೃಷ್ಟದ ಆಟವಲ್ಲ ಎಂದಿತು. ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿದರೆ, 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ಅದೇ ಪೋಕರನ್ನು ಜೂಜೆಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕೌಶಲವೋ ಅದೃಷ್ಟವೋ ಎಂಬುದು ನ್ಯಾಯಾಲಯದ ಪ್ರಶ್ನೆ. ಶ್ರಾವಕನ ಪ್ರಶ್ನೆ ಅದಲ್ಲ. ಕೌಶಲದಿಂದ ಕಳೆದುಕೊಂಡ ಹಣವೂ ಮನೆಗೆ ಮರಳಿ ಬರುವುದಿಲ್ಲ.

ಈಗ ಆಟದ ನಿಯಮಕ್ಕೆ ಬರೋಣ. ರಮ್ಮಿಯಲ್ಲಿ ಒಬ್ಬನು ತನ್ನ 13 ಎಲೆಗಳನ್ನು ಕ್ರಮವಾಗಿ ಜೋಡಿಸಿ ಶೋ ಮಾಡಿದೊಡನೆ, ಕೊನೆಯವರೆಗೆ ಆಟದಲ್ಲಿ ಉಳಿದ ಪ್ರತಿಯೊಬ್ಬನೂ ತನ್ನ ಎಲೆಗಳನ್ನು ಹರಡಲೇಬೇಕು. ಏಕೆಂದರೆ ಜೋಡಣೆಯಾಗದ ಎಲೆಗಳ ಎಣಿಕೆಯೇ ಅವನ ಸೋಲಿನ ಮೊತ್ತ. ಅದು ಸಾಮಾನ್ಯವಾಗಿ 80ಕ್ಕೆ ನಿಲ್ಲುತ್ತದೆ. ಇಲ್ಲಿ ಸೋಲನ್ನು ಮುಚ್ಚಿಡುವ ಅವಕಾಶವಿಲ್ಲ. ಮೂರೆಲೆಯಾಟದ, ಎಂದರೆ ತೀನ್ ಪತ್ತಿಯ, ರೀತಿ ಬೇರೆ. ಮಧ್ಯದಲ್ಲಿ ಬಿಟ್ಟವನು ಎಲೆಯನ್ನು ಮಗುಚಿ ಇಟ್ಟು ಸುಮ್ಮನಾಗುತ್ತಾನೆ. ಇಬ್ಬರೇ ಉಳಿದಾಗ ಒಬ್ಬನು ಹಣ ತೆತ್ತು ಶೋ ಕೇಳಬೇಕು. ಆದರೆ ಅದರಲ್ಲಿ ‘ಸೈಡ್ ಶೋ’ ಎಂಬ ಒಂದು ವಿಚಿತ್ರ ಪದ್ಧತಿಯಿದೆ. ಎಲೆ ನೋಡಿ ಆಡುತ್ತಿರುವವನು, ತನ್ನಂತೆಯೇ ಎಲೆ ನೋಡಿರುವ ಪಕ್ಕದವನಿಗೆ ಗುಟ್ಟಾಗಿ ಹೋಲಿಸಿ ನೋಡೋಣವೆಂದು ಕೇಳುತ್ತಾನೆ. ಒಪ್ಪಿದರೆ ಇಬ್ಬರೂ ತಮ್ಮತಮ್ಮಲ್ಲೇ ನೋಡಿಕೊಳ್ಳುತ್ತಾರೆ, ಕಡಿಮೆ ಎಲೆಯವನು ಏನೂ ಹೇಳದೆ ಆಟ ಬಿಡುತ್ತಾನೆ. ಉಳಿದವರಿಗೆ ಯಾವ ಎಲೆಗೆ ಯಾವ ಎಲೆ ಸೋತಿತೆಂಬುದು ತಿಳಿಯುವುದಿಲ್ಲ.

ಕ್ಯಾಸಿನೊದ ಪೋಕರಿನಲ್ಲಿ ಈ ವಿಷಯಕ್ಕೆ ಒಂದು ಧರ್ಮಶಾಸ್ತ್ರವೇ ಬೆಳೆದಿದೆ ಎನ್ನಬೇಕು. ಕೊನೆಯ ಸುತ್ತಿನಲ್ಲಿ ಯಾರು ಕಡೆಯದಾಗಿ ಪಣವನ್ನು ಏರಿಸಿದರೋ ಅವರು ಮೊದಲು ಎಲೆ ತೆರೆಯಬೇಕು. ಅದನ್ನು ನೋಡಿದ ಮೇಲೆ ತಾನು ಸೋತೆನೆಂದು ಅರಿತವನು ತನ್ನ ಎಲೆಗಳನ್ನು ಮಗುಚಿಯೇ ಬಿಟ್ಟ ರಾಶಿಗೆ ತಳ್ಳಬಹುದು. ಗೆದ್ದೆನೆನ್ನುವವನು ಮಾತ್ರ ತೋರಲೇಬೇಕು. ಕೊನೆಯವರೆಗೆ ಪಣ ತೆತ್ತು ಉಳಿದ ಎಲೆಗಳನ್ನು ನೋಡಬೇಕೆಂದು ಮೇಜಿನಲ್ಲಿರುವ ಇತರರು ಕೇಳುವ ಹಕ್ಕು ಬಹಳ ಕಡೆ ಇದೆ. ಆದರೆ ಆ ಹಕ್ಕು ಹುಟ್ಟಿದ್ದು ಕುತೂಹಲಕ್ಕಾಗಿ ಅಲ್ಲ. ಇಬ್ಬರು ಆಟಗಾರರು ಒಳಗೊಳಗೇ ಸಂಚು ಮಾಡಿ ಮೂರನೆಯವನನ್ನು ಸುಲಿಯುತ್ತಿರಬಹುದೆಂಬ ಶಂಕೆಯ ನಿವಾರಣೆಗಾಗಿ. ಎದುರಾಳಿಯ ಆಟದ ಮರ್ಮವನ್ನು ತಿಳಿಯಲೆಂದೋ ಅವನನ್ನು ನಾಚಿಸಲೆಂದೋ ಮತ್ತೆ ಮತ್ತೆ ಕೇಳುವವನನ್ನು ಮೇಜಿನವರೇ ಒರಟನೆಂದು ಎಣಿಸುತ್ತಾರೆ. ಅತಿಯಾದರೆ ಆ ಹಕ್ಕನ್ನು ಅವನಿಂದ ಹಿಂತೆಗೆದುಕೊಳ್ಳುವುದೂ ಉಂಟು. ಪಕ್ಕದವನೊಬ್ಬನಿಗೆ ಎಲೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕೆಂಬ ನಿಯಮವೂ ಇದೆ. ಗೆಲುವು ತನ್ನದೆಂದು ಖಚಿತವಾಗಿ ತಿಳಿದೂ ಎಲೆ ತೆರೆಯಲು ಬೇಕೆಂದೇ ತಡಮಾಡಿ, ಸೋಲುವವನಲ್ಲಿ ಒಂದು ಕ್ಷಣ ಸುಳ್ಳು ಆಸೆ ಹುಟ್ಟಿಸುವುದನ್ನು ಅವರು ಅತ್ಯಂತ ಹೀನ ನಡತೆಯೆಂದು ಭಾವಿಸುತ್ತಾರೆ.

ಓದುವಾಗ ಆಶ್ಚರ್ಯವಾಗುತ್ತದೆ. ಲೋಭವೇ ಮೂಲಬಂಡವಾಳವಾದ ಒಂದು ಸ್ಥಳದಲ್ಲಿ, ಸೋತವನ ಮುಖ ಉಳಿಸುವ ಇಷ್ಟು ನಯ ಎಲ್ಲಿಂದ ಬಂತು? ಪೂರ್ತಿ ಕಪಟವೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಾಗದು. ವ್ಯಸನದಲ್ಲಿ ಬಿದ್ದ ಜೀವದಲ್ಲಿಯೂ ಪರರ ನೋವನ್ನು ಅರಿಯುವ ಗುಣ ಪೂರ್ಣವಾಗಿ ನಾಶವಾಗುವುದಿಲ್ಲ. ಆದರೆ ಈ ನಯಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಅವಮಾನಗೊಂಡವನು ಎದ್ದು ಹೋಗುತ್ತಾನೆ, ಮಾನ ಉಳಿಸಿಕೊಂಡವನು ಮುಂದಿನ ಕೈಗೂ ಕುಳಿತಿರುತ್ತಾನೆ. ಅವನು ಕುಳಿತಿದ್ದರೆ ತಾನೇ ಮೇಜು ನಡೆಯುವುದು!

ಇಲ್ಲಿ ನಮ್ಮ ಶಾಸ್ತ್ರದ ಕಡೆ ತಿರುಗೋಣ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಹುಬ್ಬಿನ ಚಲನೆ, ಅಂಗವಿಕಾರ ಮುಂತಾದವುಗಳಿಂದ ಇನ್ನೊಬ್ಬನ ಅಂತರಂಗವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣದಿಂದ ಅದನ್ನು ಪ್ರಕಟಪಡಿಸುವುದು ಸಾಕಾರಮಂತ್ರಭೇದವೆಂದು ಕನ್ನಡ ನಾಡಿನವರೇ ಆದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸುತ್ತಾರೆ. ಪೋಕರ್ ಆಡುವವನ ಮುಖ್ಯ ವಿದ್ಯೆ ಎದುರಾಳಿಯ ಹುಬ್ಬು, ಬೆರಳು, ಉಸಿರುಗಳನ್ನು ಓದುವುದೇ ಆಗಿದೆಯಷ್ಟೆ!

ಗಮನಿಸಬೇಕಾದ ಅಂಶವೆಂದರೆ ಈ ಎರಡೂ ಸುಳ್ಳಿನ ದೋಷಗಳಲ್ಲ. ಹೊರಗೆಡಹಿದ ಮಾತು ನಿಜವೇ ಆಗಿರಬಹುದು. ಆದರೂ ಅದು ಸತ್ಯವ್ರತಕ್ಕೆ ಅತಿಚಾರ. ಪರರ ಪ್ರಾಣಕ್ಕೂ ಮಾನಕ್ಕೂ ಪೀಡೆಯಾಗುವ ನಿಜವನ್ನು ನಮ್ಮ ಆಚಾರ್ಯರು ಸತ್ಯವೆಂದು ಗೌರವಿಸಲಿಲ್ಲ. ಆದುದರಿಂದ, ಸೋತವನ ಮಗುಚಿದ ಎಲೆಯನ್ನು ಎಳೆದು ನೋಡದಿರುವ ಸಭ್ಯತೆಯಲ್ಲಿ, ಮೇಜು ಯಾವುದೇ ಆಗಿರಲಿ, ಒಂದು ಸದ್ಗುಣದ ನೆರಳಿದೆ. ‘ಅಸೂಯೆ ಮೊದಲಾದ ಕಾರಣದಿಂದ’ ಎಂಬ ಪೂಜ್ಯಪಾದರ ವಿಶೇಷಣವೂ ಸಾರ್ಥಕವಾದದ್ದು: ವಂಚನೆಯ ಶಂಕೆಯಿಂದ ಎಲೆ ತೋರೆನ್ನುವುದು ಬೇರೆ, ನಾಚಿಸಲು ಕೇಳುವುದು ಬೇರೆ ಎಂಬ ಕ್ಯಾಸಿನೊದ ಭೇದವೂ ಹೆಚ್ಚುಕಡಿಮೆ ಅದೇ.

ಹಾಗಾದರೆ ತೋರದೆ ಮುಚ್ಚಿಡುವವನ ಸ್ಥಿತಿಯೇನು? ಮುಚ್ಚಿಡಬಹುದೆಂದು ಎಲ್ಲರೂ ಮೊದಲೇ ಒಪ್ಪಿ ಕುಳಿತ ಆಟದಲ್ಲಿ ಮುಚ್ಚಿಡುವುದು ಅನೃತವಾಗದು. ಆದರೆ ಅವನು ಯಾವ ಕಷಾಯದಿಂದ ಮುಚ್ಚುತ್ತಾನೆಂಬುದನ್ನು ಅವನೇ ನೋಡಿಕೊಳ್ಳಬೇಕು. ಬಹಳ ಸಲ ಅದು ಮಾನಕಷಾಯ: ಇಂಥ ಕಳಪೆ ಎಲೆಗೆ ಇಷ್ಟು ಹಣ ಕಟ್ಟಿದನೇ ಎಂದು ನಾಲ್ವರು ನಕ್ಕಾರೆಂಬ ಅಳುಕು. ಬೇಕೆಂದೇ ತೋರುವವನೂ ಇದರಿಂದ ಮುಕ್ತನಲ್ಲ. ಎದುರಾಳಿಯನ್ನು ಕೆಣಕಲು, ಮುಂದಿನ ಕೈಯಲ್ಲಿ ಅವನ ದಾರಿ ತಪ್ಪಿಸಲು ಎಲೆ ತೋರುವುದು ಮಾಯಾಕಷಾಯ. ತೆರೆದ ಎಲೆಯೆಲ್ಲ ತೆರೆದ ಮನಸ್ಸಲ್ಲ.

ಇಷ್ಟರವರೆಗೆ ನಾವು ಮೇಜಿನ ಸುತ್ತ ಕುಳಿತವರ ನಡುವಿನ ಋಣವನ್ನು ಮಾತ್ರ ನೋಡಿದೆವು. ನನ್ನ ಅಭಿಪ್ರಾಯದಲ್ಲಿ ಆ ಮೇಜಿನ ಶಿಷ್ಟಾಚಾರದ ಕೊರತೆ ಇರುವುದು ಅಲ್ಲಿಯೇ: ಅದು ಕುಳಿತವರ ಹಕ್ಕುಗಳನ್ನಷ್ಟೇ ಎಣಿಸುತ್ತದೆ. ಯಾರ ಹಣ ಮೇಜಿನ ಮೇಲಿದೆಯೋ ಅವರು ಬಹಳ ಸಲ ಅಲ್ಲಿ ಕುಳಿತೇ ಇರುವುದಿಲ್ಲ.

ಪ್ರಾಚೀನರು ದ್ಯೂತವೆಂದಾಗ ಅವರ ಕಣ್ಣ ಮುಂದಿದ್ದುದು ನೆತ್ತದಾಟ. ದಾಳಕ್ಕೆ ಬೆನ್ನಿಲ್ಲ. ಬಿದ್ದ ಕೂಡಲೇ ಸೋಲು ಸಭೆಗೆಲ್ಲ ಕಾಣುತ್ತದೆ. ಕುರುಸಭೆಯಲ್ಲಿ ಯುಧಿಷ್ಠಿರನು ಸೋತದ್ದನ್ನು ಎಲ್ಲರೂ ನೋಡಿದರು; ಮುಚ್ಚಿಡಲು ಅವನಿಗೆ ಎಲೆಯೇ ಇರಲಿಲ್ಲ. ಆದರೆ ಪಣವಾದವಳು ಅಲ್ಲಿರಲಿಲ್ಲ. ಕರೆಯ ಬಂದವನ ಮೂಲಕ ದ್ರೌಪದಿ ವ್ಯಾಸಭಾರತದಲ್ಲಿ ಕೇಳಿ ಕಳುಹಿಸಿದ ಪ್ರಶ್ನೆ ಪ್ರಸಿದ್ಧವಾಗಿದೆ: ರಾಜನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಅದು ಆಟದ ಕ್ರಮದ ಪ್ರಶ್ನೆ, ಲೆಕ್ಕದ ಪ್ರಶ್ನೆ. ತನ್ನನ್ನು ಪಣಕ್ಕಿಟ್ಟವನ ಕೈಯನ್ನು ಪೂರ್ತಿಯಾಗಿ ನೋಡುವ ಹಕ್ಕು ತನಗಿದೆಯೆಂದು ಅವಳು ಹೇಳಿದಂತಾಯಿತು. ವಿದ್ವಾಂಸರು ತುಂಬಿದ್ದ ಆ ಸಭೆ ಅದಕ್ಕೆ ಉತ್ತರ ಕೊಡಲಾರದೆ ಹೋಯಿತು.

ಮಂಡಿಪೇಟೆಯ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಅವನು ವ್ಯಾಪಾರದಲ್ಲಿ ನಷ್ಟವಾದರೆ ಮುಚ್ಚಿಡುವವನಲ್ಲ. ಖಾತೆಯಲ್ಲಿ ಬರೆಯುತ್ತಾನೆ, ಪಾಲುದಾರನಾದ ತಮ್ಮನಿಗೆ ತೋರಿಸುತ್ತಾನೆ. ಹರಿಹರದಲ್ಲಿಯೋ ಪಣಜಿಯಲ್ಲಿಯೋ ಒಂದು ರಾತ್ರಿ 2 ಲಕ್ಷ ಸೋತು ಬಂದವನು ಅದೇ ಖಾತೆಯನ್ನು ಬರೆಯುವಾಗ ಏನು ಮಾಡುತ್ತಾನೆ? ‘ಪಾರ್ಟಿಗೆ ಮುಂಗಡ’ ಎಂದು ಬರೆಯುತ್ತಾನೆ. ಇದು ಐದರಲ್ಲಿ ಮೂರನೆಯದಾದ ಕೂಟಲೇಖಕ್ರಿಯೆ. ಹೆಂಡತಿ ತವರಿನಿಂದ ತಂದ ಬಂಗಾರವನ್ನು ಅಂಗಡಿಯ ಅಡಚಣೆಗೆಂದು ಕೊಟ್ಟಿದ್ದಾಳೆ. ಎಷ್ಟು ತೊಲೆ ಎಂಬುದನ್ನು ಅವಳು ಸರಿಯಾಗಿ ನೆನಪಿಟ್ಟಿಲ್ಲ. “ಹತ್ತು ತೊಲೆ ಇತ್ತಲ್ವೇನ್ರಿ?” ಎಂದು ಕೇಳಿದರೆ, ಹದಿನಾಲ್ಕಿತ್ತೆಂದು ಬಲ್ಲವನು “ಹೂಂ, ಅಷ್ಟೇ” ಎನ್ನುತ್ತಾನೆ. ಪೂಜ್ಯಪಾದರು ನ್ಯಾಸಾಪಹಾರವನ್ನು ವಿವರಿಸುವುದು ಇದೇ ರೀತಿ: ಇಟ್ಟ ಒಡವೆಯ ಸಂಖ್ಯೆಯನ್ನು ಮರೆತವನು ಕಡಿಮೆ ಹೇಳಿ ಕೇಳಿದಾಗ, ಹೌದು ಅಷ್ಟೇ ಎಂದು ಅನುಮೋದಿಸುವ ಮಾತು. ಅವನು ಹೊಸದಾಗಿ ಸುಳ್ಳೊಂದನ್ನು ಹೆಣೆಯಲಿಲ್ಲ. ಅವಳ ಮರೆವಿಗೆ ಹೂಂಗುಟ್ಟಿದನಷ್ಟೆ. ಆ ಹೂಂಕಾರವನ್ನು ಆಚಾರ್ಯರು ಅಚೌರ್ಯವ್ರತದ ಕೆಳಗೆ ಇಡದೆ ಸತ್ಯವ್ರತದ ಕೆಳಗೆ ಇಟ್ಟರು, ಏಕೆಂದರೆ ಕಳವು ನಡೆದದ್ದು ಮಾತಿನಿಂದ.

ಮೇಜಿನಲ್ಲಿ ಕುಳಿತ ಅಪರಿಚಿತರಿಗೆ ಸೋತವನು ತನ್ನ ಎಲೆ ತೋರಬೇಕಾಗಿಲ್ಲ. ಅವರು ತಮ್ಮ ಹಣ ಪಡೆದರು, ಅವರ ಋಣ ತೀರಿತು. ಮನೆಯಲ್ಲಿ ದೀಪ ಆರಿಸದೆ ಕಾದಿರುವವಳಿಗೆ, ಪಾಲುದಾರನಿಗೆ, ವಯಸ್ಸಾದ ತಂದೆಗೆ ತೋರಬೇಕು, ಏಕೆಂದರೆ ಆ ಕೈಯನ್ನು ಅವನು ಆಡಿದ್ದು ಅವರ ಪರವಾಗಿ, ಅವರನ್ನು ಕೇಳದೆ. ಆದರೆ ನಡೆಯುವುದು ಇದಕ್ಕೆ ತದ್ವಿರುದ್ಧ. ಜೊತೆಯಲ್ಲಿ ಆಡಿದ ಗೆಳೆಯರಿಗೆ ಸೋಲಿನ ಪ್ರತಿಯೊಂದು ವಿವರವೂ ಗೊತ್ತು. ಯಾವ ರಾಣಿ ಬಂದಿದ್ದರೆ ಕೈ ಉಳಿಯುತ್ತಿತ್ತೆಂಬುದನ್ನು ವಾರಗಟ್ಟಲೆ ಚರ್ಚಿಸುತ್ತಾರೆ. ಮನೆಯವರಿಗೆ ಮಾತ್ರ ಎಲೆಯ ಬೆನ್ನು.

ಮನೆಯವರಿಗೆ ಹೇಳುವಾಗಲೂ ಹೇಳುವ ಬಗೆಯಿದೆ. ಮುನಿಗಳು ಗುರುವಿನ ಬಳಿ ಮಾಡುವ ಆಲೋಚನೆಗೆ ಹತ್ತು ದೋಷಗಳನ್ನು ಶಿವಾರ್ಯರ ‘ಭಗವತೀ ಆರಾಧನೆ’ ಮೊದಲಾದ ಗ್ರಂಥಗಳು ಹೇಳಿವೆ. ನಮ್ಮ ‘ವಡ್ಡಾರಾಧನೆ’ಯ ಕಥೆಗಳ ಬೇರು ಇರುವುದೂ ಆ ಗ್ರಂಥದಲ್ಲಿಯೇ. ಯತಿಗಳಿಗಾಗಿ ಹೇಳಿದ್ದಾದರೂ ಗೃಹಸ್ಥನ ಮನೆಯಲ್ಲಿ ಅವುಗಳ ಮುಖ ಚೆನ್ನಾಗಿ ಕಾಣುತ್ತದೆ. ಇತರರು ಕಂಡುಹಿಡಿದದ್ದನ್ನಷ್ಟೇ ಒಪ್ಪಿಕೊಳ್ಳುವುದು ‘ದೃಷ್ಟ’ ದೋಷ. ಬ್ಯಾಂಕಿನ ನೋಟೀಸು ಕೈಗೆ ಸಿಕ್ಕಿದ ದಿನ ಆ ಸಾಲವೊಂದನ್ನೇ ಒಪ್ಪಿ, ಕೈಸಾಲ ನಾಲ್ಕನ್ನು ನುಂಗುವವನು ಮಾಡುವುದು ಇದನ್ನೇ. ಚಿಕ್ಕದನ್ನು ಹೇಳಿ ದೊಡ್ಡದನ್ನು ಮರೆಸುವುದು ‘ಸೂಕ್ಷ್ಮ’: ಹಬ್ಬದಲ್ಲಿ ಐನೂರು ಹೋಯಿತೆಂದು ನಗುತ್ತಾ ಹೇಳುವವನ ಪ್ರಾಮಾಣಿಕತೆಯನ್ನು ಮನೆಯವರೆಲ್ಲ ಮೆಚ್ಚುತ್ತಾರೆ. ಮೊದಲೇ ಗುರುವಿನ ಮನಸ್ಸನ್ನು ಕರಗಿಸಿಕೊಂಡು ಹೇಳುವುದು ‘ಆಕಂಪಿತ’. ಸೀರೆ ತಂದ ಸಂಜೆಯೇ ಸೋಲಿನ ಮಾತು ಎತ್ತುವುದು ಅದರ ಗೃಹಸ್ಥ ರೂಪ. ಗದ್ದಲದ ನಡುವೆ ಕೇಳಿಯೂ ಕೇಳದಂತೆ ಹೇಳಿಬಿಡುವುದು ‘ಶಬ್ದಾಕುಲಿತ’. ಸಾವಿರ ವರ್ಷಗಳಿಗೂ ಹಿಂದೆ ಈ ಪಟ್ಟಿಯನ್ನು ಮಾಡಿದವರು ಮನುಷ್ಯನನ್ನು ಎಷ್ಟು ಹತ್ತಿರದಿಂದ ನೋಡಿದ್ದರು!

ರಮ್ಮಿಯ ನಿಯಮ ಇಲ್ಲಿ ಪೋಕರಿಗಿಂತ ಧರ್ಮಕ್ಕೆ ಹತ್ತಿರವಾಗಿದೆ. ಕೊನೆಯವರೆಗೆ ಆಡಿದವನು 13 ಎಲೆಗಳನ್ನೂ ಹರಡಬೇಕು. ಎಣಿಸುವುದು ಎಲ್ಲರ ಎದುರಿಗೆ. ಎಂಟನ್ನು ತೋರಿ ಐದನ್ನು ಕೈಯಲ್ಲಿಟ್ಟುಕೊಳ್ಳುವಂತಿಲ್ಲ.

ಕೇಳುವವರ ಧರ್ಮವೊಂದಿದೆ, ಅದನ್ನು ನಮ್ಮ ಸಮಾಜ ಕಡೆಗಣಿಸಿದೆ. ಪೂರ್ತಿ ಹೇಳಿದವನನ್ನು ಜೀವನಪರ್ಯಂತ ಪ್ರತಿ ಜಗಳದಲ್ಲಿಯೂ ಆ ರಾತ್ರಿಯ ಹೆಸರಿನಿಂದ ಚುಚ್ಚಿದರೆ, ಮುಂದಿನ ಸಲ ಅವನು ಎಲೆಯನ್ನು ಮಗುಚಿಯೇ ಇಡುತ್ತಾನೆ. ಇನ್ನೂ ಹೆಚ್ಚಿನದು ಟ್ರಸ್ಟುಗಳ ಹೊಣೆ. ಸಂಕಷ್ಟಕ್ಕೆ ಸಿಲುಕಿದ ಸಾಧರ್ಮಿ ಕುಟುಂಬವೊಂದು ಮಗಳ ಶಾಲೆಯ ಶುಲ್ಕಕ್ಕೋ ಔಷಧಕ್ಕೋ ನೆರವು ಕೇಳಿದಾಗ ಕಾರಣ ಜೂಜೆಂದು ಕಾರ್ಯದರ್ಶಿಗೆ ತಿಳಿಯುತ್ತದೆ. ಅರ್ಜಿಯ ವಿವರ ಸಂಜೆಯೊಳಗೆ ಚೌಕಿಪೇಟೆಯ ಅಂಗಡಿ ಕಟ್ಟೆಗಳಲ್ಲಿ ಹರಿದಾಡಿದರೆ ಅದು ಶುದ್ಧ ರಹೋಭ್ಯಾಖ್ಯಾನ. ವಾರ್ಷಿಕ ಸಭೆಯಲ್ಲಿ ಜೂಜುಕೋರರ ಹೆಸರು ಓದಬೇಕೆಂಬ ಉತ್ಸಾಹಿಗಳ ಸಲಹೆಯೂ ಅದೇ ಜಾತಿಯದು. ಲೆಕ್ಕವನ್ನು ಪೂರ್ತಿಯಾಗಿ ಕೇಳಬೇಕು. ಕೇಳುವವರು ಇಬ್ಬರು ಹಿರಿಯರಿದ್ದರೆ ಸಾಕು, ಅದರಲ್ಲಿ ಒಬ್ಬರು ಮಹಿಳೆಯಾಗಿರಲಿ. ನೆರವಿನ ಹಣವನ್ನು ಸೋತವನ ಕೈಗೆ ಕೊಡದೆ ಶಾಲೆಗೋ ಔಷಧದಂಗಡಿಗೋ ನೇರವಾಗಿ ಸಲ್ಲಿಸುವುದು ಲೇಸು.

ಇನ್ನು ಮದುವೆಯ ಹಿಂದಿನ ರಾತ್ರಿ ಛತ್ರದ ಮೇಲಿನ ಕೋಣೆಗಳಲ್ಲಿ ಬೆಳಗಾಗುವವರೆಗೆ ನಡೆಯುವ ಆಟ. ಬೀಗರ ಕಡೆಯವರು, ಏನೂ ಹೇಳುವಂತಿಲ್ಲ ಎಂದು ವ್ಯವಸ್ಥಾಪಕರು ಕೈಚೆಲ್ಲುತ್ತಾರೆ. ರಾತ್ರಿಭೋಜನವಿಲ್ಲ, ಕಂದಮೂಲದ ಅಡುಗೆಯಿಲ್ಲ ಎಂದು ಛತ್ರದ ಬಾಡಿಗೆ ರಸೀದಿಯ ಹಿಂದೆ ಮುದ್ರಿಸಲು ಸಂಕೋಚಪಡದ ಟ್ರಸ್ಟುಗಳು ಅದೇ ರಸೀದಿಯಲ್ಲಿ ಇಸ್ಪೀಟಿಗೂ ಒಂದು ಸಾಲು ಸೇರಿಸಬಹುದು. ಮುಂಗಡ ಹಣ ಪಡೆಯುವಾಗಲೇ ಆ ಸಾಲನ್ನು ಓದಿ ಹೇಳಿದರೆ, ಬೀಗರ ಎದುರು ಬಾಯಿ ಬಿಡುವ ಕಷ್ಟ ಯಾರಿಗೂ ಬರುವುದಿಲ್ಲ.